ಸಿಪ್ಪೆ ಹೇಳುವ ಸಂಗತಿ: ಆದಿಮಾನವರ ಗುಂಪುಬಾಳಿನ ಅಧ್ಯಯನ ನಡೆದುಬಂದ ದಾರಿ

ಪುತ್ತೂರು, ಸುಳ್ಯ, ಕಡಬದ ಕಡೆ ಚಾಲಿ ಅಡಿಕೆ ಸುಲಿಯುವ ದಿನಗಳಲ್ಲಿ ಜಗಲಿಯ ತುಂಬ ಜನ. ಅವರೆಲ್ಲ ಎದ್ದುಹೋದ ಮೇಲೂ ಸಿಪ್ಪೆಯ ರಾಶಿ ನೋಡಿದರೆ ಯಾರು ಎಲ್ಲಿ ಕುಳಿತಿದ್ದರು, ಯಾರ ಕೈ ಚುರುಕು, ಕಲಿಯುವ ಹುಡುಗ ಯಾವ ಮೂಲೆಯಲ್ಲಿದ್ದ ಎಂದು ಹೇಳಬಹುದು. ಆದಿಮಾನವರು ಹೇಗೆ ಕೂಡಿ ಬಾಳಿದರು ಎಂಬ ತಿಳಿವು ಬಹುಮಟ್ಟಿಗೆ ನಿಂತಿರುವುದೂ ಇಂಥ ಸಿಪ್ಪೆಯ ಮೇಲೆಯೇ. ಅದು ಕಲ್ಲಿನ ಸಿಪ್ಪೆ, ಅಷ್ಟೆ.

ಅದನ್ನು ಓದಲು ವಿದ್ವಾಂಸರಿಗೆ ನೂರು ವರ್ಷ ಹಿಡಿಯಿತು. 1863ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಉಪಕರಣ ಹೆಕ್ಕಿದರು. ಮುಂದೆ ಬಳ್ಳಾರಿ, ರಾಯಚೂರು ಸೀಮೆಯ ನೆಲೆಗಳನ್ನೂ ದಾಖಲಿಸಿದರು. ಕಲ್ಲಿನ ಆಕಾರ ಯಾವುದು, ಕಾಲ ಯಾವುದು ಎಂಬುದೇ ಅಂದಿನ ಪ್ರಶ್ನೆ. ಹೊಳೆ ಉರುಳಿಸಿ ತಂದ ಕಲ್ಲನ್ನು ಹಿಡಿದು, ಅದನ್ನು ಮಾಡಿದವರ ಬಳಗದ ಬಗ್ಗೆ ಕೇಳುವಂತೆಯೂ ಇರಲಿಲ್ಲ.

1960ರ ಹೊತ್ತಿಗೆ ಪುರಾತತ್ತ್ವಜ್ಞೆ ಮೇರಿ ಲೀಕಿ ಟಾಂಜಾನಿಯಾದ ಓಲ್ಡುವಾಯ್‌ನಲ್ಲಿ ಕಲ್ಲು, ಎಲುಬು ಒಟ್ಟಿಗೆ ಬಿದ್ದಿದ್ದ ನೆಲವನ್ನು ಅಂಗುಲ ಅಂಗುಲವಾಗಿ ನಕ್ಷೆಗಿಳಿಸಿದರು. 1978ರಲ್ಲಿ ಗ್ಲಿನ್ ಐಸಾಕ್, ಸಿಕ್ಕ ಆಹಾರವನ್ನು ನೆಲೆಗೆ ತಂದು ಹಂಚಿ ತಿಂದದ್ದೇ ಮನುಷ್ಯ ಸಮಾಜದ ಮೊದಲ ಮೆಟ್ಟಿಲು ಎಂದರು. 1981ರಲ್ಲಿ ಲೂಯಿಸ್ ಬಿನ್‌ಫರ್ಡ್ ತಡೆದು ಕೇಳಿದರು: ಆ ಎಲುಬು ಕಾಡುಮೃಗ ತಿಂದು ಬಿಟ್ಟದ್ದಲ್ಲವೆಂದು ಹೇಗೆ ಗೊತ್ತು? ಅಲ್ಲಿಂದ ಮುಂದೆ ಪ್ರತಿ ಎಲುಬಿನ ಮೇಲೂ ಹಲ್ಲಿನ ಗುರುತು ಯಾವುದು, ಕಲ್ಲಿನ ಗೀರು ಯಾವುದು ಎಂದು ಪರೀಕ್ಷಿಸುವುದು ರೂಢಿಯಾಯಿತು.

ಈ ಕುತೂಹಲ ಕನ್ನಡಕ್ಕೆ ಹೊಸದಲ್ಲ. ಪುತ್ತೂರಿನ ಪರ್ಲಡ್ಕದಲ್ಲಿ ದಶಕಗಳ ಕಾಲ ನೆಲೆಸಿದ್ದ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದಂಥ ಸಂಪುಟಗಳಲ್ಲಿ ವಿಜ್ಞಾನವನ್ನು ಕನ್ನಡದಲ್ಲೇ ತಿಳಿಸಿದರು. 1968ರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯಲ್ಲಿ ಆದಿಮಾನವರ ಬದುಕು ಅಜ್ಜಿಯೊಬ್ಬಳ ಒಳಗಣ್ಣಿಗೆ ಕಾಣಿಸುತ್ತದೆ.

ಕಣ್ಣಿಗೇ ಕಾಣುವ ಸಾಕ್ಷ್ಯ ಸಿಕ್ಕಿದ್ದು ಯಾದಗಿರಿ ಜಿಲ್ಲೆಯ ಹುಣಸಗಿ–ಬೈಚಬಾಳ ಕಣಿವೆಯಲ್ಲಿ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1970ರ ದಶಕದಿಂದ ಅಲ್ಲಿ ನಡೆದಾಡಿ ಅಶೂಲಿಯನ್ (ಕಲ್ಲಿನ ಕೈಗೊಡಲಿಗಳ) ಕಾಲದ ಹತ್ತಾರು ನೆಲೆಗಳನ್ನು ಗುರುತಿಸಿದರು. ಮಳೆಗಾಲದಲ್ಲಿ ಸಣ್ಣ ಸಣ್ಣ ತಂಡಗಳಾಗಿ ಕಣಿವೆಯುದ್ದಕ್ಕೂ ಚದುರುವುದು, ಬೇಸಿಗೆಯಲ್ಲಿ ಬತ್ತದ ಒರತೆಗಳ ಬಳಿ ಮತ್ತೆ ಸೇರುವುದು: ಇದು ನೆಲೆಗಳ ಹಂಚಿಕೆಯಿಂದ ಅವರು ಕಂಡುಕೊಂಡ ಬಾಳಿನ ಲಯ. ಅದೇ ಕಣಿವೆಯ ಇಸಾಂಪುರದಲ್ಲಿ 1997ರಿಂದ 2001ರವರೆಗೆ ನಡೆದ ಉತ್ಖನನದಲ್ಲಿ ಸುಣ್ಣಕಲ್ಲಿನ ಚಪ್ಪಡಿ, ಒಡೆಯುವ ಗುಂಡು, ಅರೆಬರೆ ಕೈಗೊಡಲಿ, ಚಕ್ಕೆ ಎಲ್ಲವೂ ಕೆಲಸ ನಡೆದ ಜಾಗದಲ್ಲೇ ಗುಂಪು ಗುಂಪಾಗಿ ಸಿಕ್ಕವು. ಅಲ್ಲಿನ ಪ್ರಾಣಿಗಳ ಹಲ್ಲಿನ ಎನಾಮಲ್ ಪರೀಕ್ಷೆ ಸುಮಾರು 12 ಲಕ್ಷ ವರ್ಷಗಳ ಕಾಲವನ್ನು ಸೂಚಿಸಿತು. ಇಷ್ಟು ಹಂತಗಳ ಕೆಲಸ ಬಲ್ಲವರ ಕೈ ನೋಡಿ, ಅನುಕರಿಸಿಯೇ ಬರಬೇಕು ಎಂದು ಪುರಾತತ್ತ್ವಜ್ಞ ಸೆರಿ ಶಿಪ್ಟನ್ 2010ರಲ್ಲಿ ವಾದಿಸಿದರು. ಕಲಿಯುವ ಹುಡುಗ ಅಲ್ಲಿಯೂ ಇದ್ದ ಎಂದಂತಾಯಿತು.

ಈಚಿನ ಅಧ್ಯಯನ ಮುದುಕರತ್ತ ತಿರುಗಿದೆ. ಜಾರ್ಜಿಯಾದ ದ್ಮನಿಸಿಯಲ್ಲಿ ಸಿಕ್ಕ ಸುಮಾರು 17.7 ಲಕ್ಷ ವರ್ಷ ಹಳೆಯ ತಲೆಬುರುಡೆಯೊಂದರಲ್ಲಿ ಉಳಿದಿದ್ದದ್ದು ಒಂದೇ ಹಲ್ಲು; ಉಳಿದವು ಸಾವಿಗೆ ವರ್ಷಗಳ ಮೊದಲೇ ಉದುರಿದ್ದವು. ಆ ಮುದಿಜೀವವನ್ನು ಬಳಗ ಸಾಕಿರಬೇಕು ಎಂಬುದು ಒಂದು ವಾದ. ಮಜ್ಜೆಯಂಥ ಮೆದು ಆಹಾರದಿಂದ ತಾನೇ ಬದುಕಿರಬಹುದು ಎಂಬುದು ಇನ್ನೊಂದು. ಟಾಂಜಾನಿಯಾದಲ್ಲಿ ಬೇಟೆ, ಗೆಡ್ಡೆ-ಗೆಣಸಿನಿಂದ ಬದುಕುವ ಹಾಡ್ಜಾ ಜನರಲ್ಲಿ ಅಜ್ಜಿಯಂದಿರು ಗೆಡ್ಡೆ ಅಗೆದು ಮೊಮ್ಮಕ್ಕಳಿಗೆ ಉಣಿಸುವುದನ್ನು ಕಂಡ ಮಾನವಶಾಸ್ತ್ರಜ್ಞೆ ಕ್ರಿಸ್ಟನ್ ಹಾಕ್ಸ್ ಮತ್ತು ಸಂಗಡಿಗರು, ಮನುಷ್ಯನ ದೀರ್ಘಾಯುಷ್ಯಕ್ಕೆ ಅಜ್ಜಿಯ ಈ ದುಡಿಮೆಯೇ ಕಾರಣವಿರಬೇಕು ಎಂದರು.

ಇನ್ನು ಪುತ್ತೂರು, ಸುಳ್ಯದ ಕಡೆ ನಮ್ಮ ಮುರಕಲ್ಲಿನ ಹುಳಿಮಣ್ಣು, ಬಿರುಸು ಮಳೆ ಎಲುಬನ್ನು ಬಹುಕಾಲ ಉಳಿಸುವುದಿಲ್ಲ. ಕೂಡಿ ದುಡಿದವರ ಗುರುತನ್ನು ನಾವು ಬದುಕಿರುವವರ ನಡುವೆಯೇ ಹುಡುಕಬೇಕು. ಅಡಿಕೆ ಸುಲಿಯಲು ಈಗ ಯಂತ್ರ ಬಂದಿದೆ, ದುಡಿಯುವ ಬೆನ್ನಿಗೆ ಬಿಡುವು ಸಿಕ್ಕಿದೆ, ಅದು ಒಳ್ಳೆಯದೇ. ಆದರೆ ಯಂತ್ರದಿಂದ ಬೀಳುವ ಸಿಪ್ಪೆ ಒಂದೇ ರಾಶಿ. ಯಾರು ಎಲ್ಲಿ ಕುಳಿತಿದ್ದರು ಎಂಬುದನ್ನು ಜಗಲಿಯ ಹಿರಿಯರು ಹೇಳಬಲ್ಲರು. ಅವರಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳೋಣ.