ಗೇಣಿ ನಿಂತ ವರ್ಷ

ಅಪ್ಪ ವರ್ಷಕ್ಕೆ ಹದಿನೈದು ಮುಡಿ ಅಕ್ಕಿ ಗೇಣಿ ಕೊಡುತ್ತಿದ್ದರು. ಉಡುಪಿ ಹತ್ತಿರದ ನಮ್ಮ ಎರಡೆಕರೆ ಬೈಲುಗದ್ದೆ ಚಾಲಗೇಣಿಯದು. ಮೂಲಗೇಣಿಯ ಒಕ್ಕಲು ಪೀಳಿಗೆಯಿಂದ ಪೀಳಿಗೆಗೆ ನಿಲ್ಲುತ್ತಿತ್ತು. ಚಾಲಗೇಣಿಯವನು ಧಣಿ ಎದ್ದು ಹೋಗೆಂದರೆ ಏಳಬೇಕಿತ್ತು. ನೆರೆ ಬಂದು ಪೈರು ಕೊಳೆತರೂ ಮುಡಿ ಕಟ್ಟಿ ಧಣಿಗಳ ಅಂಗಳಕ್ಕೆ ಮುಟ್ಟಿಸಬೇಕಿತ್ತು. ಹಾಗಾಗಿ ನಮ್ಮ ಮನೆಯ ಒಂದಾಳೂ ಗದ್ದೆ ಬಿಟ್ಟು ಹೋಗುವಂತಿರಲಿಲ್ಲ.

ದೇವರಾಜ ಅರಸರ ಸರ್ಕಾರ 1961ರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಯಾಯಿತು. ಗೇಣಿ ಜಮೀನು ಸರ್ಕಾರದ್ದಾಯಿತು. ಉಳುವವನು ಏಳನೇ ನಮೂನೆಯಲ್ಲಿ ಡಿಕ್ಲರೇಶನ್ ಕೊಟ್ಟು ಭೂನ್ಯಾಯ ಮಂಡಳಿಯಲ್ಲಿ ಹಕ್ಕು ಕೇಳಬಹುದಿತ್ತು. ಅಪ್ಪ ತಿಂಗಳುಗಟ್ಟಲೆ ಹೆದರಿದರು. ಉಂಡ ಮನೆಗೆ ಎದುರು ನಿಂತಂತೆ ಅನ್ನಿಸಿತ್ತು ಅವರಿಗೆ. ಕೊನೆಗೆ ಅಮ್ಮನೇ ಹೆಬ್ಬೆಟ್ಟು ಒತ್ತಿಸಿದಳು.

ಗದ್ದೆ ನಮ್ಮದಾಯಿತು. ಆದರೆ ಗಂಡುಮಕ್ಕಳು ನಾವು ನಾಲ್ವರು, ನೆಲ ಎರಡೇ ಎಕರೆ. ಇನ್ನು ಯಾರೂ ಎಬ್ಬಿಸುವುದಿಲ್ಲ ಎಂಬ ಧೈರ್ಯ ಬಂದ ಮೇಲೆಯೇ ಅಪ್ಪ ನನಗೆ, "ಒಬ್ಬನಾದರೂ ಬೊಂಬಾಯಿಗೆ ಹೋಗು ಮಗಾ" ಎಂದರು. ದಾರಿ ಹಳೆಯದೇ. ನಮ್ಮ ಕರಾವಳಿಯ ಮೀನುಗಾರರಾದ ಮೊಗವೀರರು 1902ರಲ್ಲೇ ಅಲ್ಲಿ ತಮ್ಮ ವ್ಯವಸ್ಥಾಪಕ ಮಂಡಳಿ ಕಟ್ಟಿದ್ದರು; ಮಾಟುಂಗಾದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಊಟ ಬಡಿಸುತ್ತಿತ್ತು. ಕೊಂಕಣ ರೈಲು ಇನ್ನೂ ಇರಲಿಲ್ಲ. ಬಸ್ಸಿನಲ್ಲಿ ಘಟ್ಟ ಹತ್ತಿ, ಬೆಳಗಾವಿ, ಪುಣೆ ದಾಟಿ ಹೋದೆ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿದೆ, ರಾತ್ರಿ ಕನ್ನಡ ಶಾಲೆಯಲ್ಲಿ ಮೆಟ್ರಿಕ್ ಓದಿದೆ.

ಒಂದು ತಿಂಗಳ ಮೊದಲ ವಾರ, ಅಂಚೆ ಕಚೇರಿಯ ಸಾಲಿನಲ್ಲಿ ನನ್ನ ಮುಂದೆ ಧಣಿಗಳ ಕಿರಿಯ ಮಗ ನಿಂತಿದ್ದರು. ದಾದರಿನ ಹೋಟೆಲೊಂದರಲ್ಲಿ ಗಲ್ಲಾಕ್ಕೆ ಕೂರುತ್ತಿದ್ದರಂತೆ. ಕೈಯಲ್ಲಿ ಮನಿಯಾರ್ಡರ್ ಫಾರಂ. "ಮನೆಯಲ್ಲಿ ಅಕ್ಕಿ ಕ್ರಯಕ್ಕೆ ತರಬೇಕಲ್ಲ" ಎಂದರು. ನಮ್ಮ ಮುಡಿಗಳನ್ನು ಅಟ್ಟಕ್ಕೇರಿಸುತ್ತಿದ್ದ ಮನೆ ಅದು. ನನಗೆ ಗೆದ್ದೆ ಅನ್ನಿಸಲಿಲ್ಲ, ಗಂಟಲು ಕಟ್ಟಿತು.

ಬಡತನವೇ ಜನರನ್ನು ಊರು ಬಿಡಿಸುತ್ತದೆ ಎನ್ನುವವರಿಗೆ ನಾನು ಅಂಚೆ ಕಚೇರಿಯ ಆ ಸಾಲನ್ನು ನೆನಪಿಸುತ್ತೇನೆ. ಗೇಣಿಯ ಕಾಲದಲ್ಲಿ ನಾವು ಇನ್ನೂ ಬಡವರಾಗಿದ್ದೆವು. ಆಗ ಹೊರಡಲು ಆಗಲಿಲ್ಲ. ಧಣಿಗಳ ಮಗ ನೆಲ ಕಳೆದುಕೊಂಡು ಬಂದರು, ನಾನು ನೆಲ ಸಿಕ್ಕಿದ್ದರಿಂದ ಬಂದೆ. ಇಬ್ಬರ ಫಾರಮ್ಮಿನಲ್ಲೂ ಅಂಚೆಯ ಊರು ಒಂದೇ ಇತ್ತು.