ಮನೆ ಮಾರುವ ಮುನ್ನ: ದಲ್ಲಾಳಿ, ಕ್ರಯಪತ್ರ ಮತ್ತು ಎಂಟು ಭೋಗಗಳು

ಊರಿನ ಹಳೆಯ ಮನೆಗಳನ್ನು ಮಾರಲು ಹೊರಟಿರುವ ನನ್ನ ವಿದ್ಯಾರ್ಥಿಗಳು ಈಚೆಗೆ ನನ್ನನ್ನು ಕೇಳುವ ಪ್ರಶ್ನೆಗಳು ಎರಡು: ಯಾವ ಬ್ರೋಕರನ್ನು ನಂಬಬೇಕು? ಸುಣ್ಣಬಣ್ಣಕ್ಕೆ ಎಷ್ಟು ಖರ್ಚು ಮಾಡಬೇಕು? ಚರಿತ್ರೆಯ ಮೇಷ್ಟರನ್ನು ಕೇಳಿದ ಮೇಲೆ ಉತ್ತರವೂ ಸ್ವಲ್ಪ ಹಿಂದಿನಿಂದಲೇ ಆರಂಭವಾಗುವುದು ಅನಿವಾರ್ಯ.

'ದಲ್ಲಾಳಿ' ಎಂಬುದು ಅರಬ್ಬಿ ಮೂಲದ ಪದ. ದಾರಿ ತೋರುವವನು ಎಂಬುದು ಅದರ ಮೂಲಾರ್ಥ. ದನದ ಜಾತ್ರೆಗಳಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದವರನ್ನು ನಮ್ಮ ತಲೆಮಾರಿನವರೆಲ್ಲ ಕಂಡಿದ್ದೇವೆ. ಮನೆ ದಲ್ಲಾಳಿಗೆ ಬಹುಕಾಲ ಯಾವ ಕಾನೂನಿನ ಕಟ್ಟಳೆಯೂ ಇರಲಿಲ್ಲ. 2016ರ ರೇರಾ ಕಾಯ್ದೆಯ ಒಂಬತ್ತನೆಯ ಕಲಮು ನೋಂದಾಯಿತ ಬಡಾವಣೆ, ವಸತಿ ಸಮುಚ್ಚಯಗಳ ವ್ಯವಹಾರ ಮಾಡಿಸುವ ಏಜೆಂಟರು ತಾವೂ ನೋಂದಾಯಿಸಿಕೊಳ್ಳಬೇಕೆಂದು ವಿಧಿಸಿತು. ತಪ್ಪಿದರೆ ದಿನಕ್ಕೆ 10,000 ರೂಪಾಯಿ ದಂಡ. ಅಜ್ಜ ಕಟ್ಟಿಸಿದ ಹೆಂಚಿನ ಮನೆ ಆ ವ್ಯಾಪ್ತಿಗೆ ಬಾರದಿರಬಹುದು. ಆದರೂ ನೋಂದಣಿ ಇರುವವನನ್ನೇ ವಿಚಾರಿಸುವುದು ಲೇಸು. ಮನೆಯನ್ನು ಹೊಗಳುವುದಕ್ಕೆ ಮೊದಲು ಕಾಗದಪತ್ರ ಕೇಳುವವನು ನನ್ನ ಮಟ್ಟಿಗೆ ಒಳ್ಳೆಯ ದಲ್ಲಾಳಿ. ಕಮಿಷನ್ ಎಷ್ಟು, ಯಾವಾಗ ಎಂಬುದನ್ನು ಬರವಣಿಗೆಯಲ್ಲಿಯೇ ಇಟ್ಟುಕೊಳ್ಳಿ. ಮೂಲಪತ್ರಗಳನ್ನಾಗಲಿ, ಜಿ.ಪಿ.ಎ. ಅನ್ನಾಗಲಿ ಅವನ ಕೈಗೆ ಕೊಡಬೇಡಿ. ಜಿ.ಪಿ.ಎ. ಮೂಲಕ ನಡೆಯುವ 'ಮಾರಾಟ'ದಿಂದ ಒಡೆತನ ವರ್ಗವಾಗದು ಎಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿಯೇ ಸ್ಪಷ್ಟಪಡಿಸಿದೆ.

ಇನ್ನು ಕ್ರಯಪತ್ರ. ನಿಮ್ಮ ಮನೆಯ ಹಳೆಯ ಪತ್ರವನ್ನು ಕಪಾಟಿನಿಂದ ತೆಗೆದು ಒಮ್ಮೆ ಓದಿ. ಚಕ್ಕುಬಂದಿಯ ಆಸುಪಾಸಿನಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಪದಗಳು ಸಿಕ್ಕರೆ ಆಶ್ಚರ್ಯಪಡಬೇಡಿ. ಇದೇ ಅಷ್ಟಭೋಗ ತೇಜಸ್ವಾಮ್ಯ. ಹೂತಿಟ್ಟ ಧನ, ಇರಿಸಿದ ಒಡವೆ, ನೀರು, ಕಲ್ಲು, ಕುಂದದ ಉತ್ಪತ್ತಿ, ಮುಂದೆ ಬರುವ ಆದಾಯ, ಈಗಾಗಲೇ ಸಾಧಿತವಾದದ್ದು, ಇನ್ನು ಸಾಧಿಸಬಹುದಾದದ್ದು, ಇಷ್ಟೂ ಕೊಂಡವನಿಗೆ ಸೇರುತ್ತವೆಂದು ಅದರ ತಾತ್ಪರ್ಯ. ಬಿ. ಎಲ್. ರೈಸ್ 1886ರಿಂದ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ತಿರುವಿದರೆ ವಿಜಯನಗರ ಕಾಲದ ದಾನ, ಕ್ರಯ ಶಾಸನಗಳಲ್ಲಿ ಇವೇ ಮಾತುಗಳು ಎದುರಾಗುತ್ತವೆ. ರಾಜ್ಯಗಳು ಅಳಿದವು, ಕಲ್ಲು ಹೋಗಿ ಛಾಪಾಕಾಗದ ಬಂತು. ಪತ್ರಬರಹಗಾರರ ಲೇಖನಿಯಲ್ಲಿ ಈ ಎಂಟು ಮಾತ್ರ ಉಳಿದುಕೊಂಡವು. (ನಿಧಿ ಸಿಕ್ಕರೆ ಈಗ ಸರ್ಕಾರಕ್ಕೆ ತಿಳಿಸಬೇಕು, ಆಸೆ ಬೇಡ!)

ನೂರು ರೂಪಾಯಿ ಮೀರಿದ ಸ್ಥಿರಾಸ್ತಿಯ ಕ್ರಯ ನೋಂದಣಿಯಾಗಲೇಬೇಕು ಎಂಬ ನಿಯಮ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು 1908ರ ನೋಂದಣಿ ಕಾಯ್ದೆಗಳದು. 2024ರ ಅಕ್ಟೋಬರಿನಿಂದ ನಮ್ಮ ರಾಜ್ಯದ ಪಟ್ಟಣಗಳಲ್ಲಿ ನೋಂದಣಿಗೆ ಇ-ಖಾತೆಯೂ ಬೇಕಾಗಿದೆ. ಖಾತೆ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಬಣ್ಣದ ಡಬ್ಬ ಕೊಳ್ಳುವ ಮೊದಲು ಅದನ್ನು ಸರಿಪಡಿಸಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದುದು ಅಕ್ಕತಂಗಿಯರ ಮಾತು. ಈ ವಿಷಯದಲ್ಲಿ ನಮ್ಮ ಬಂಧುಗಳಲ್ಲಿಯೇ ಅನೇಕರಿಗೆ ಅರೆತಿಳಿವಳಿಕೆಯಿದೆ. ಉಯಿಲು ಬರೆಯದೆ ತೀರಿಕೊಂಡ ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಎಂಬುದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಬಂದದ್ದು. ಪಿತ್ರಾರ್ಜಿತದಲ್ಲಿ ಕರ್ನಾಟಕವು 1994ರ ಜುಲೈ 30ರಿಂದ ಹಕ್ಕು ಕೊಟ್ಟಿತಾದರೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ಅಳಿಸಿತು. 2005ರಲ್ಲಿ ತಂದೆ ಬದುಕಿರಬೇಕಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 'ಅವಳಿಗೆ ಮದುವೆಯಲ್ಲಿ ಚಿನ್ನ ಹಾಕಿದ್ದೇವಲ್ಲ' ಎಂಬ ವಾದ ಅಲ್ಲಿ ನಡೆಯದು. ದಲ್ಲಾಳಿಗೆ ಫೋನು ಮಾಡುವ ಮೊದಲು ಅಕ್ಕನ ಮನೆಗೆ ಹೋಗಿ ಬನ್ನಿ. ಸಹಿಗಾಗಿ ಕೊನೆಯ ಗಳಿಗೆಯಲ್ಲಿ ಕಾಗದ ಚಾಚುವುದು ಅವಳಿಗೂ ಅವಮಾನ, ಕೊಳ್ಳುವವನಿಗೂ ಅನುಮಾನ.

ಸುಣ್ಣಬಣ್ಣದ ವಿಚಾರಕ್ಕೆ ಹೆಚ್ಚು ಮಾತು ಬೇಡ. ಅಟ್ಟ ಖಾಲಿ ಮಾಡಿಸಿ, ಒಡೆದ ಹೆಂಚು ಬದಲಿಸಿ, ನಲ್ಲಿ ಸೋರದಂತೆ ನೋಡಿಕೊಳ್ಳಿ. ಗೋಡೆಯ ತೇವವನ್ನು ಬಣ್ಣದಿಂದ ಮುಚ್ಚುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಕೊಳ್ಳುವವನ ಸಾಮಾನ್ಯ ಎಚ್ಚರಕ್ಕೆ ಕಾಣದ, ಮಾರುವವನಿಗೆ ಗೊತ್ತಿರುವ ಮುಖ್ಯ ದೋಷವನ್ನು ತಿಳಿಸಬೇಕಾದುದು ಅದೇ 1882ರ ಕಾಯ್ದೆಯ 55ನೆಯ ಕಲಮಿನಂತೆ ಮಾರುವವನ ಹೊಣೆ. ಹಿತ್ತಲ ಬಾವಿ ಏಪ್ರಿಲಿನಲ್ಲಿ ಬತ್ತುವುದಾದರೆ ಅದನ್ನೂ ಹೇಳಿಬಿಡಿ. ಆ ಎಂಟರಲ್ಲಿ ಜಲವೂ ಒಂದಲ್ಲವೇ?