ನಾರ್ವಿಚ್ ಶಾಲೆ: ಕ್ಯಾಥೆಡ್ರಲ್ ಆವರಣದಲ್ಲಿ ನಗರದ ಪಾಲು

ಪೂರ್ವ ಇಂಗ್ಲೆಂಡಿನ ನಾರ್ವಿಚ್ ಶಾಲೆ ತನ್ನ ಹುಟ್ಟನ್ನು 1096ಕ್ಕೆ ಒಯ್ಯುತ್ತದೆ. ಬಿಷಪ್ ಹರ್ಬರ್ಟ್ ಡಿ ಲೊಸಿಂಗ ಅಲ್ಲಿನ ಕ್ಯಾಥೆಡ್ರಲ್‌ಗೆ ಅಡಿಗಲ್ಲಿಟ್ಟ ವರ್ಷ ಅದು. ಶಾಲೆ ಇಂದಿಗೂ ಕ್ಯಾಥೆಡ್ರಲ್ ಆವರಣದಲ್ಲೇ ಇರುವುದರಿಂದ ಅದನ್ನು ಚರ್ಚಿನ ಕೂಸೆಂದು ಕಾಣುವುದು ಸಹಜ. ಆದರೆ ನಗರದ ಪಾಲನ್ನು ಬಿಟ್ಟು ಈ ಶಾಲೆಯ ಚರಿತ್ರೆ ಬರೆಯಲಾಗದು ಎಂಬುದು ಇಲ್ಲಿನ ವಾದ.

1249ರಲ್ಲಿ ಬಿಷಪ್ ವಾಲ್ಟರ್ ಸಫೀಲ್ಡ್ ಮುಪ್ಪಿನ ಪಾದ್ರಿಗಳಿಗೂ ಬಡವರಿಗೂ ಸೇಂಟ್ ಜೈಲ್ಸ್ ಆಸ್ಪತ್ರೆಯನ್ನು ಸ್ಥಾಪಿಸಿದಾಗ, 7 ಮಂದಿ ಬಡ ವಿದ್ಯಾರ್ಥಿಗಳಿಗೆ ಅಲ್ಲಿ ಊಟ ಹಾಕುವ ಏರ್ಪಾಡನ್ನೂ ಮಾಡಿದ. ಅವರನ್ನು ಆರಿಸುವ ಹೊಣೆ ನಾರ್ವಿಚ್‌ನ ಶಾಲಾ ಉಪಾಧ್ಯಾಯನದು. ಶಾಲೆಯ ಪ್ರಾಚೀನತೆಗೆ 1096ರ ಹೇಳಿಕೆಗಿಂತ ಈ ಊಟದ ವ್ಯವಸ್ಥೆಯೇ ಗಟ್ಟಿಯಾದ ಆಧಾರವೆಂದು ನನಗೆ ತೋರುತ್ತದೆ. ಏಕೆಂದರೆ ಇಲ್ಲಿ ಉಪಾಧ್ಯಾಯನಿದ್ದಾನೆ, ಹಸಿದ ಮಕ್ಕಳಿದ್ದಾರೆ.

1538ರಲ್ಲಿ ಎಂಟನೆಯ ಹೆನ್ರಿಯ ಕಾಲದಲ್ಲಿ ಕ್ಯಾಥೆಡ್ರಲ್‌ನ ಸನ್ಯಾಸಿ ಮಠ ಕೊನೆಗೊಂಡಿತು. 1547ರಲ್ಲಿ ಆರನೆಯ ಎಡ್ವರ್ಡ್‌ನ ಸನ್ನದು ಆ ಆಸ್ಪತ್ರೆಯನ್ನೂ ಶಾಲೆಯ ಹೊಣೆಯನ್ನೂ ಒಟ್ಟಿಗೆ ನಗರಾಡಳಿತಕ್ಕೆ ಒಪ್ಪಿಸಿತು. ಮೂರು ಶತಮಾನಗಳ ಹಿಂದೆ ಊಟ ಹಾಕಿದ್ದ ದತ್ತಿಯೇ ಈಗ ಉಪಾಧ್ಯಾಯರ ಸಂಬಳಕ್ಕೂ ಮೂಲವಾಯಿತು.

ಇದಾದ ಕೆಲವೇ ವರ್ಷಗಳಲ್ಲಿ ಶಾಲೆ ನೆಲೆಯೂರಿದ್ದು ಕ್ಯಾಥೆಡ್ರಲ್ ಆವರಣದ ಕಾರ್ನರಿ ಚಾಪೆಲ್‌ನಲ್ಲಿ. 1316ರಲ್ಲಿ ಬಿಷಪ್ ಜಾನ್ ಸಾಮನ್ ಸ್ಥಾಪಿಸಿದ ಈ ಚಾಪೆಲ್‌ನಲ್ಲಿ ಪಾದ್ರಿಗಳು ಸತ್ತವರ ಆತ್ಮಗಳಿಗಾಗಿ ಪ್ರಾರ್ಥಿಸುತ್ತಿದ್ದರು. ಕೆಳಗಿನ ನೆಲಮಾಳಿಗೆಯಲ್ಲಿ ನಗರದ ಸ್ಮಶಾನಗಳಿಂದ ತೆಗೆದ ಎಲುಬುಗಳನ್ನು ಇಡುತ್ತಿದ್ದರು. ಅಂದರೆ ಶಾಲೆ ಬರುವ ಮೊದಲೇ ನಾರ್ವಿಚ್‌ನ ನಾಗರಿಕರಿಗೆ ಈ ಆವರಣದಲ್ಲಿ ಜಾಗವಿತ್ತು. ಅಂಥ ಪ್ರಾರ್ಥನಾ ದತ್ತಿಗಳನ್ನು ಪ್ರೊಟೆಸ್ಟಂಟ್ ಧರ್ಮಸುಧಾರಣೆ ರದ್ದುಮಾಡಿದ್ದರಿಂದಲೇ ಕಟ್ಟಡ ಖಾಲಿಯಾಗಿ ಮಕ್ಕಳಿಗೆ ಸಿಕ್ಕಿತು. ಮುಂದೆ ನ್ಯಾಯವಾದಿ ಎಡ್ವರ್ಡ್ ಕೋಕ್, ನೌಕಾಪತಿ ನೆಲ್ಸನ್ ಓದಿದ್ದು ಈ ಶಾಲೆಯಲ್ಲೇ.

ನಗರದ ಪಾಲು ಮರೆಯಾದದ್ದಕ್ಕೆ 1835ರ ಮುನಿಸಿಪಲ್ ಕಾಯ್ದೆ ಮುಖ್ಯ ಕಾರಣವೆಂದು ನಾನು ಭಾವಿಸುತ್ತೇನೆ. ಧರ್ಮದತ್ತಿಗಳ ಆಡಳಿತವನ್ನು ಅದು ನಗರಸಭೆಗಳ ಕೈಯಿಂದ ಬಿಡಿಸಿತು. ಕ್ಯಾಥೆಡ್ರಲ್‌ನ ನೆರೆ ಮಾತ್ರ ಹಾಗೇ ಉಳಿಯಿತು. ಇಂದು ಶುಲ್ಕ ಪಡೆದು ನಡೆಯುವ ಈ ಖಾಸಗಿ ಶಾಲೆಯ ಮಕ್ಕಳು ಕ್ಯಾಥೆಡ್ರಲ್‌ನಲ್ಲೇ ಪ್ರಾರ್ಥನಾ ಸಭೆ ಸೇರುತ್ತಾರೆ, ಅದರ ಗಾಯಕವೃಂದದ ಬಾಲಕರು ಇಲ್ಲೇ ಓದುತ್ತಾರೆ. ಸಫೀಲ್ಡ್‌ನ ಆಸ್ಪತ್ರೆಯೂ ವೃದ್ಧರ ಆಶ್ರಯಧಾಮವಾಗಿ, ಕ್ಯಾಥೆಡ್ರಲ್‌ನಿಂದ ಸ್ವಲ್ಪ ದೂರದಲ್ಲಿ, ಇನ್ನೂ ನಡೆಯುತ್ತಿದೆ.